ಕಡಲಿಗೆ ದೇವನೂರು ಕೆರೆಯ ನಿಯಮ

ನಿವೃತ್ತಿಯಾಗಿ ಅಜ್ಜಂಪುರಕ್ಕೆ ಬಂದು ಮನೆ ಮಾಡಿದ ಮೊದಲ ವಾರದಲ್ಲೇ ಪಕ್ಕದ ಬೀದಿಯ ರುದ್ರಪ್ಪನವರು ಬಂದು ಜಗಲಿಯ ಮೇಲೆ ಕೂತರು. ಮಜ್ಜಿಗೆ ಕುಡಿದರು, ಮಳೆಯನ್ನು ಬೈದರು, ಆಮೇಲೆ ಬಂದ ವಿಷಯ ತೆಗೆದರು.

"ಸಮುದ್ರದ ಒಳ್ಗೆ ಎಷ್ಟಡೀಲಿ ಏನೈತೆ ಅಂತ ಆಫೀಸ್ನಾಗೆ ಕೂತ್ಕಂಡೇ ಹೇಳ್ತಿದ್ರಂತೆ. ನಮ್ ತೋಟಕ್ಕೊಂದು ಬೋರ್ ಕೊರೆಸ್ಬೇಕು ಕಣ್ರವ್ವ. ನೀರು ಎಷ್ಟಡೀಲಿ ಐತೆ, ಒಸಿ ನೋಡಿ ಹೇಳ್ಬಿಡ್ರಿ."

"ರುದ್ರಪ್ಪನೋರೇ, ನಾನು ನೋಡ್ತಿದ್ದದ್ದು ನೀರು ಎಲ್ಲೈತೆ ಅಂತಲ್ಲ. ಇರೋ ನೀರು ಎಷ್ಟು ಬಿಸಿ ಐತೆ ಅಂತ."

"ಬಿಸಿ ಕಟ್ಕಂಡು ಏನ್ ಮಾಡನ? ತಣ್ಣಗಿದ್ರೂ ನಡೀತದೆ, ನೀರ್ ಬಂದ್ರೆ ಸಾಕು," ಎಂದು ಎದ್ದು ಹೋದರು. ಮೂವತ್ತು ವರ್ಷಕ್ಕೂ ಮೀರಿ ಮಾಡಿದ ಕೆಲಸಕ್ಕೆ ಊರಿನಲ್ಲಿ ಸಿಕ್ಕ ಮರ್ಯಾದೆ ಅಷ್ಟು. ನನಗೇನೂ ಬೇಜಾರಾಗಲಿಲ್ಲ. ನಮ್ಮ ಕಡೂರು ಸೀಮೆಯಲ್ಲಿ ನೀರಿನ ಬಿಸಿ ನೋಡುವುದು ಸ್ನಾನಕ್ಕೆ ಮಾತ್ರ.

ಹೋದ ತಿಂಗಳು ತರೀಕೆರೆಯಿಂದ ಸಹನಾ ಎಂಬ ಹುಡುಗಿ ತಾಯಿಯ ಜೊತೆ ನನ್ನನ್ನು ಹುಡುಕಿಕೊಂಡು ಬಂದಳು. ಅವಳ ಮನೆಯವರದು ಅಲ್ಲಿ ಪಾತ್ರೆ ಅಂಗಡಿ. ನಾನು ಬಿಟ್ಟುಬಂದಂಥದೇ ಕೆಲಸ, ಕರಾವಳಿಯ ಅಂಥದೇ ಒಂದು ಕಡಲ ಅಧ್ಯಯನ ಕೇಂದ್ರದಲ್ಲಿ, ಅವಳಿಗೆ ಸಿಕ್ಕಿದೆ. ತಾಯಿಗೆ ಗಾಬರಿ. "ಗಿರಿಜಕ್ಕ, ಇವ್ಳನ್ನ ಹಡಗ್ನಾಗೆ ಕಳಿಸ್ತಾರಂತೆ. ಇವ್ಳಿಗೆ ಈಜೂ ಬರಲ್ಲ." ನಡುಗಡಲಿನಲ್ಲಿ ಹಡಗು ಮುಳುಗಿದರೆ ಈಜು ಬಂದರೂ ಒಂದೇ, ಬಾರದಿದ್ದರೂ ಒಂದೇ ಎಂಬ ಮಾತು ಬಾಯಿಗೆ ಬಂತು. ನುಂಗಿಕೊಂಡೆ.

ಹುಡುಗಿ ಮಾತ್ರ ನೇರ ಕೇಳಿದಳು. "ಆಂಟಿ, ಕೆಲಸ ನಿಜವಾಗ್ಲೂ ಹೆಂಗಿರುತ್ತೆ? ವೆಬ್‌ಸೈಟಲ್ಲಿ ಬರೆದಿರೋದನ್ನ ಓದ್ಕೊಂಡಿದೀನಿ, ಅದು ಬೇಡ."

ಅರ್ಧ ಗಂಟೆಯಲ್ಲಿ ಹೇಳುವಂಥದ್ದಾಗಿರಲಿಲ್ಲ. ಅದಕ್ಕೇ ಅವಳಿಗಾಗಿ ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬಿಟ್ಟಿದ್ದೇನೆ. ಅದು ನನಗೇ ಸರಿಯಾಗಿ ನೆನಪಿಲ್ಲ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಆಕಾಶದಲ್ಲಿ ಸುತ್ತುವ ಉಪಗ್ರಹಕ್ಕೆ ಇಡೀ ಕಡಲು ಕಾಣುತ್ತದೆ, ಆದರೆ ಮೇಲ್ಮೈ ಮಾತ್ರ. ಚರ್ಮ ಮುಟ್ಟಿ ಜ್ವರ ಹೇಳಿದ ಹಾಗೆ. ಕಡಲಿನ ಮಟ್ಟ ಎಲ್ಲಿ ಒಂದಿಷ್ಟು ಉಬ್ಬಿದೆ, ಎಲ್ಲಿ ತಗ್ಗಿದೆ ಎಂಬುದನ್ನೂ ಅದು ಅಳೆಯುತ್ತದೆ. ಕೆಳಗೆ ಬಿಸಿನೀರು ದಪ್ಪಗಿದ್ದರೆ ಮೇಲ್ಮಟ್ಟ ಉಬ್ಬುತ್ತದೆ. ಇನ್ನೊಂದು ಕಡೆ, ಕಡಲಿನಲ್ಲಿ ಅಲ್ಲಲ್ಲಿ ಲಂಗರು ಹಾಕಿ ನಿಲ್ಲಿಸಿದ ದೊಡ್ಡ ತೇಲುಬುರುಡೆಗಳಿವೆ. ಅವುಗಳ ಕೆಳಗೆ ಇಳಿಬಿಟ್ಟ ಹಗ್ಗದ ಉದ್ದಕ್ಕೂ ಅಳತೆಯಂತ್ರಗಳಿರುತ್ತವೆ. ಹತ್ತು ಮೀಟರಿನಲ್ಲಿ ಇಷ್ಟು, ನಲವತ್ತರಲ್ಲಿ ಇಷ್ಟು ಎಂದು ಅವು ಆಳದ ಬಿಸಿ ಹೇಳುತ್ತವೆ, ಆದರೆ ತಾವು ನಿಂತ ಜಾಗದ್ದು ಮಾತ್ರ. ಒಂದಕ್ಕೆ ಅಗಲ ಗೊತ್ತು, ಇನ್ನೊಂದಕ್ಕೆ ಆಳ ಗೊತ್ತು. ಎರಡನ್ನೂ ಕೂಡಿಸಿ, ಬುರುಡೆ ಇಲ್ಲದ ಕಡೆಯೂ ಕಡಲಿನ ಒಳಗೆ ಎಷ್ಟು ಬಿಸಿ ಇದೆ ಎಂದು ಅಂದಾಜು ಮಾಡಿ ನಕ್ಷೆ ತಯಾರಿಸುವುದು ನಮ್ಮ ಕೆಲಸ.

ಇದರಿಂದ ಯಾರಿಗೇನು ಲಾಭ ಎಂದು ರುದ್ರಪ್ಪನವರ ಹಾಗೆ ನೀವೂ ಕೇಳಬಹುದು. ಚಂಡಮಾರುತ ಕಡಲಿನ ಬಿಸಿಯನ್ನು ತಿಂದು ಬೆಳೆಯುತ್ತದೆ. ಕೆಳಗೆ ಬಿಸಿನೀರು ದಪ್ಪಗಿದ್ದರೆ ಅದು ಕೊಬ್ಬುತ್ತದೆ, ತಣ್ಣೀರಿದ್ದರೆ ಸೊರಗುತ್ತದೆ. ಹವಾಮಾನದವರು ಮೀನುಗಾರರಿಗೆ ಕಡಲಿಗೆ ಇಳಿಯಬೇಡಿ ಎನ್ನುವ ಮೊದಲು, ಅಥವಾ ಇಳಿಯಬಹುದು ಎನ್ನುವ ಮೊದಲು, ನಮ್ಮ ನಕ್ಷೆಯನ್ನೂ ನೋಡುತ್ತಾರೆ. ನಕ್ಷೆ ತಪ್ಪಿದರೆ ಬೋಟುಗಳು ಇರಬಾರದ ಕಡೆ ಇರುತ್ತವೆ.

ನಾನು ಸೇರಿದಾಗ ಮೇಲಧಿಕಾರಿಯಾಗಿದ್ದವರು ಶ್ರೀಪತಿ ಸರ್, ಮೈಸೂರಿನವರು. ಮೂಗಿನ ತುದಿಯಲ್ಲೇ ಕೋಪ, ಆದರೆ ಅದು ಮಧ್ಯಾಹ್ನದ ಊಟದವರೆಗೆ ಮಾತ್ರ ಇರುತ್ತಿತ್ತು. ಅವರು ಒಂದು ಪದ್ಧತಿ ಮಾಡಿದ್ದರು. ಅವರ ಮೇಜಿನ ಮೇಲೆ ಉದ್ದನೆಯ ಒಂದು ಲೆಡ್ಜರ್ ಇತ್ತು, ನಾವು ಅದನ್ನು ತಪ್ಪಿನ ಪುಸ್ತಕ ಎನ್ನುತ್ತಿದ್ದೆವು. ಯಾರು ತಪ್ಪು ಮಾಡಿದರೂ ಅವರೇ ತಮ್ಮ ಕೈಯಾರೆ ಅದರಲ್ಲಿ ಬರೆಯಬೇಕು. ನಾಲ್ಕು ಕಲಂ: ತಪ್ಪೇನು, ಹೇಗೆ ಗೊತ್ತಾಯಿತು, ಹೇಗೆ ಸರಿ ಮಾಡಿದಿರಿ, ಇದೇ ತಪ್ಪು ಇನ್ನೆಲ್ಲಿ ಇರಬಹುದು. ತಿಂಗಳ ಮೊದಲ ಸೋಮವಾರ ಎಲ್ಲರ ಮುಂದೆ ಅದನ್ನು ಗಟ್ಟಿಯಾಗಿ ಓದಬೇಕು. ಓದಿದವರು ಎಲ್ಲರಿಗೂ ತಿನ್ನಲು ಬಿಸಿ ಗೋಳಿಬಜೆ ತರಿಸಬೇಕು. ಹಾಗಾಗಿ ನಮ್ಮ ಆಫೀಸಿನಲ್ಲಿ ತಪ್ಪು ಸಿಕ್ಕರೆ ಎಲ್ಲರಿಗೂ ಖುಷಿಯೇ.

ನನ್ನ ಮೊದಲ ಗೋಳಿಬಜೆ ಸೇರಿದ ಐದನೇ ತಿಂಗಳಿಗೇ ಬಂತು. ಒಂದು ತೇಲುಬುರುಡೆ ಲಂಗರು ಕಡಿದುಕೊಂಡು ಹೊರಟಿತ್ತು. ತಾನು ಎಲ್ಲಿದ್ದೇನೆ ಎಂಬುದನ್ನು ಅದು ಉಪಗ್ರಹದ ಮೂಲಕ ಆಗಾಗ ತಿಳಿಸುತ್ತಿತ್ತು. ಮೂರು ದಿನ ನಿಧಾನವಾಗಿ ದಡದ ಕಡೆ ಬಂತು. ನಾಲ್ಕನೆಯ ದಿನ ಇದ್ದಕ್ಕಿದ್ದ ಹಾಗೆ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಓಡತೊಡಗಿತು. "ದಡದ ಬಳಿ ಪ್ರವಾಹ ಅಸಾಧಾರಣ ಜೋರಾಗಿದೆ" ಎಂದು ನಾನು ವರದಿ ಬರೆದು ಹೆಮ್ಮೆಯಿಂದ ಒಳಗೆ ಕೊಟ್ಟೆ. ಶ್ರೀಪತಿ ಸರ್ ನಕ್ಷೆಯ ಮೇಲೆ ಬೆರಳಿಟ್ಟುಕೊಂಡು ಬಂದರು.

"ಗಿರಿಜಾ, ನಿಮ್ಮ ಈ ಪ್ರವಾಹ ರೈಲ್ವೆ ಗೇಟು ಹಾಕಿದಾಗ ಹತ್ತು ನಿಮಿಷ ನಿಂತಿದೆ. ಬಹಳ ಶಿಸ್ತಿನ ಪ್ರವಾಹ."

ಬುರುಡೆ ಲಾರಿ ಹತ್ತಿತ್ತು. ಹೋಗಿ ನೋಡಿದರೆ ವಾಸು ತಾಂಡೇಲ ಎಂಬುವರ ಅಂಗಳದಲ್ಲಿ ನಿಂತಿತ್ತು, ಅದರ ನೆರಳಿನಲ್ಲಿ ಕೋಳಿಗಳು ಮಲಗಿದ್ದವು. ಬೋಟು ನಡೆಸುವ ನಾಯಕನನ್ನು ಕರಾವಳಿಯಲ್ಲಿ ತಾಂಡೇಲ ಎನ್ನುತ್ತಾರೆ. "ಓ, ನಿಮ್ಮದಾ ಇದು?" ಎಂದರು ವಾಸು. "ನಾನು ಫಾರಿನ್ನಿನದ್ದು ಅಂತ ಎಣಿಸಿದ್ದೆ ಮಾರಾಯ್ರೇ. ಹೆಸರು ಬರೆಯುವುದಲ್ವಾ? ತಗೊಂಡು ಹೋಗಿ, ಕೋಳಿಗೆ ನಾನು ಬೇರೆ ವ್ಯವಸ್ಥೆ ಮಾಡ್ತೇನೆ." ಅಂದಿನಿಂದ ಅವರು ನನಗೆ ಪರಿಚಯ. ಬುರುಡೆಗೆ ಯಾರಾದರೂ ಬೋಟು ಕಟ್ಟಿದರೆ, ಬಲೆ ಸಿಕ್ಕಿಸಿದರೆ, ಅವರ ಫೋನು ಬರುತ್ತಿತ್ತು. ನಮ್ಮ ಕೇಂದ್ರದ ಯಾವ ಯಂತ್ರಕ್ಕಿಂತಲೂ ಚುರುಕಾಗಿ ಅವರು ಸುದ್ದಿ ಕೊಡುತ್ತಿದ್ದರು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ.

ಬುರುಡೆಗಳಿಂದ ಬರುವ ಅಳತೆಯೆಲ್ಲ ಸತ್ಯವಲ್ಲ. ಯಂತ್ರಗಳಿಗೆ ಚಿಪ್ಪುಹುಳು ಕಚ್ಚಿಕೊಳ್ಳುತ್ತದೆ, ಬ್ಯಾಟರಿ ಸಾಯುತ್ತದೆ, ಯಾರೋ ಹಗ್ಗ ಎಳೆಯುತ್ತಾರೆ. ಒಂದೊಂದು ದಿನ ಕಡಲು ಐವತ್ತು ಡಿಗ್ರಿ ಇದೆ ಎಂದು ಬರುತ್ತಿತ್ತು, ಮೀನು ಬೆಂದು ಮೇಲೆ ಬರಬೇಕು ಅಷ್ಟು. ಕೆಟ್ಟ ಅಳತೆಯನ್ನು ತಾನಾಗಿಯೇ ಹಿಡಿದು ಬಿಸಾಕುವ ಒಂದು ಪ್ರೋಗ್ರಾಂ ಬರೆಯಲು ಶ್ರೀಪತಿ ಸರ್ ನನಗೆ ಹೇಳಿದರು. ಬರೆದೆ. ಆಫೀಸಿನಲ್ಲಿ ಅದಕ್ಕೆ ಗಿರಿಜಾ ಜರಡಿ ಎಂದೇ ಹೆಸರಾಯಿತು. ಆ ಜರಡಿಯಲ್ಲಿ ಹತ್ತು ನಿಯಮಗಳಿದ್ದವು. ಒಂಬತ್ತನ್ನು ಪುಸ್ತಕ ನೋಡಿ ಬರೆದೆ. ಒಂದನ್ನು ಯಾವ ಪುಸ್ತಕವನ್ನೂ ನೋಡದೆ ಬರೆದೆ, ಏಕೆಂದರೆ ಅದು ನನಗೆ ಆರನೇ ವಯಸ್ಸಿನಿಂದ ಗೊತ್ತಿತ್ತು.

ನಾನು ಹುಟ್ಟಿದ್ದು ದೇವನೂರಿನಲ್ಲಿ. ಕೆರೆಯಲ್ಲಿ ನನಗೆ ಈಜು ಕಲಿಸಿದವರು ಚಿಕ್ಕಪ್ಪ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಯನ್ನು ಸೊಂಟಕ್ಕೆ ಕಟ್ಟಿ ನೀರಿಗೆ ದಬ್ಬುತ್ತಿದ್ದರು. ಜೊತೆಗೆ ಒಂದು ಪಾಠ. "ಮೇಲ್ ನೀರು ಬೆಚ್ಚಗಿರ್ತದೆ ಕಣೇ. ಕಾಲ್ಗೆ ತಣ್ಣಗ್ ಹತ್ತಿದ್ರೆ ಆಳ ಬಂತು ಅಂತ ಲೆಕ್ಕ. ತಣ್ಣಗಾದ್ ಕೂಡ್ಲೆ ಹಿಂದಕ್ ತಿರುಗ್ಬಿಡು." ಕಡೂರಿನ ಕಡೆಯ ಎಷ್ಟೋ ಮಕ್ಕಳು ಆಳವನ್ನು ಕಾಲಿನಿಂದ ಅಳೆದು ಬದುಕಿಕೊಂಡದ್ದು ಹೀಗೆ. ನಾನೂ ಬದುಕಿಕೊಂಡೆ. ಹಾಗಾಗಿ ಜರಡಿಯಲ್ಲಿ ಬರೆದೆ: ಕೆಳಗಿನ ನೀರು ಮೇಲಿನ ನೀರಿಗಿಂತ ಬಿಸಿ ಎಂದು ಯಾವ ಬುರುಡೆ ಹೇಳಿದರೂ ಆ ಬುರುಡೆ ಕೆಟ್ಟಿದೆ, ಅದರ ಅಳತೆಯನ್ನು ತೆಗೆದುಹಾಕು.

ಎಂಟು ತಿಂಗಳು ಎಲ್ಲ ಚೆನ್ನಾಗಿತ್ತು. ಚಳಿಗಾಲ ಬಂದಾಗ ಲಕ್ಷದ್ವೀಪದ ಕಡೆಯ ಬುರುಡೆಗಳು ಒಂದೊಂದಾಗಿ ಕೆಡತೊಡಗಿದವು. ಬೇಸಿಗೆ ಬಂದಾಗ ತಾವೇ ಸರಿಯಾದವು. ಮುಂದಿನ ಚಳಿಗಾಲವೂ ಹಾಗೇ. ನಾನು ವರದಿಯಲ್ಲಿ ಬರೆದೆ: "ಚಳಿಗಾಲದಲ್ಲಿ ಯಂತ್ರಗಳು ಕೆಡುವ ಸಂಭವ ಹೆಚ್ಚು."

ಶ್ರೀಪತಿ ಸರ್ ಕನ್ನಡಕದ ಮೇಲಿನಿಂದ ನೋಡಿದರು. "ಏಕೆ? ಅವಕ್ಕೇನು ನೆಗಡಿಯಾ?"

ಕೆಟ್ಟ ಬುರುಡೆಗಳ ಪಟ್ಟಿಯನ್ನು ಅವರ ಮುಂದೆ ಇಟ್ಟೆ.

"ಡಿಸೆಂಬರಿನಲ್ಲಿ ಹಡಗು ಹೋಗುತ್ತಿದೆ. ನೀವೇ ಹೋಗಿ ಅವುಗಳ ನೆಗಡಿ ನೋಡಿಕೊಂಡು ಬನ್ನಿ."

ಕಡೂರು ಸ್ಟೇಷನ್ನಿನಲ್ಲಿ ರೈಲು ಹತ್ತುವುದಷ್ಟೇ ನನಗೆ ಗೊತ್ತಿದ್ದ ದೊಡ್ಡ ಪ್ರಯಾಣ. ಹಡಗಿನಲ್ಲಿ ಮೊದಲ ಎರಡು ದಿನ ನಾನು ವಾಂತಿ ಮಾಡಿಕೊಂಡದ್ದನ್ನು ಬಿಟ್ಟರೆ ವಿಜ್ಞಾನಕ್ಕೆ ಬೇರೆ ಯಾವ ಸೇವೆಯನ್ನೂ ಸಲ್ಲಿಸಲಿಲ್ಲ. ಮೂರನೆಯ ದಿನ ಕೆಟ್ಟುಹೋಗಿದೆ ಎಂದು ನಾನು ಹಣೆಪಟ್ಟಿ ಹಚ್ಚಿದ್ದ ಬುರುಡೆಯ ಹತ್ತಿರ ಬಂದೆವು. ಬೆಳಗಿನ ಗಾಳಿ ತಣ್ಣಗಿತ್ತು. ನೀರು ತುಂಬಿಕೊಳ್ಳುವ ಉಕ್ಕಿನ ಬಾಟಲಿಯನ್ನು ತಂತಿಗೆ ಕಟ್ಟಿ ನಲವತ್ತು ಮೀಟರ್ ಆಳಕ್ಕೆ ಇಳಿಸಿ ಮೇಲೆತ್ತಿದರು. ಥರ್ಮಾಮೀಟರಿನಲ್ಲಿ ಬಂದ ಅಂಕಿಯನ್ನು ನಾನು ನಂಬಲಿಲ್ಲ. ಇನ್ನೊಮ್ಮೆ ಇಳಿಸಿ ಎಂದೆ. ಅದೇ ಅಂಕಿ. ಕೊನೆಗೆ ಮೇಲಿನ ನೀರನ್ನು ಒಂದು ಬಕೆಟ್ಟಿಗೂ ಆಳದ ನೀರನ್ನು ಇನ್ನೊಂದು ಬಕೆಟ್ಟಿಗೂ ಸುರಿಸಿ, ಎರಡರಲ್ಲೂ ಒಂದೊಂದು ಕೈ ಇಟ್ಟೆ, ಹಸುಗೂಸಿನ ಸ್ನಾನದ ನೀರು ನೋಡುವ ಹಾಗೆ.

ಎಡಗೈ ತಣ್ಣಗಿತ್ತು. ಆಳದ ನೀರಿನಲ್ಲಿದ್ದ ಬಲಗೈ ಬೆಚ್ಚಗಿತ್ತು.

ತಂತಿ ಹಿಡಿದಿದ್ದ ನಾವಿಕ, "ಏನಮ್ಮಾ, ನೀರು ನೋಡಿ ನಗ್ತೀರಲ್ಲ?" ಎಂದ. ನಗು ತಡೆಯಲಾಗಲಿಲ್ಲ. ಬುರುಡೆಗಳು ಇಷ್ಟು ದಿನ ನಿಜವನ್ನೇ ಹೇಳುತ್ತಿದ್ದವು, ನಾನು ಅವುಗಳ ಬಾಯಿ ಮುಚ್ಚಿಸುತ್ತಿದ್ದೆ.

ಕಾರಣ ದೊಡ್ಡ ರಹಸ್ಯವೇನಲ್ಲ, ಬಲ್ಲವರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು. ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ನದಿನೀರು ಬೆರೆತ, ಉಪ್ಪು ಕಡಿಮೆಯಾದ ನೀರು ಸುತ್ತಿಕೊಂಡು ನಮ್ಮ ಕಡಲಿಗೆ ಬರುತ್ತದೆ. ಉಪ್ಪು ಕಡಿಮೆ ಇರುವ ನೀರು ಹಗುರ. ತಣ್ಣಗಾದರೂ ಅದು ಮುಳುಗದೆ ಮೇಲೇ ನಿಲ್ಲುತ್ತದೆ. ಉಪ್ಪು ಹೆಚ್ಚಿದ್ದು ಭಾರವಾದ ಬಿಸಿನೀರು ಅದರ ಕೆಳಗೆ ಬೆಚ್ಚಗೆ ಕೂತಿರುತ್ತದೆ. ಕೆರೆಗೆ ಉಪ್ಪೆಲ್ಲಿಂದ ಬರಬೇಕು? ದೇವನೂರಿನಲ್ಲಿ ಈ ಪಾಠ ಸಿಗುವ ಹಾಗೇ ಇರಲಿಲ್ಲ.

ಹಿಂದಿರುಗಿ ಬಂದು ದಿನದಿನದ ನಕ್ಷೆಗೆ ಹಾಕುತ್ತಿದ್ದ ಜರಡಿಯಿಂದ ಆ ನಿಯಮವನ್ನು ಕಿತ್ತುಹಾಕಿದೆ. ತಪ್ಪಿನ ಪುಸ್ತಕದಲ್ಲಿ ಮೂರು ಕಲಂ ಉದ್ದುದ್ದ ಬರೆದೆ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಎಲ್ಲರೂ ಕಾಯುತ್ತಿದ್ದರು, ಗೋಳಿಬಜೆ ಆರುತ್ತಿತ್ತು. ಇದೇ ತಪ್ಪು ಇನ್ನೆಲ್ಲಿ ಇರಬಹುದು? "ಇನ್ನೆಲ್ಲೂ ಇಲ್ಲ" ಎಂದು ಬರೆದು ಪುಸ್ತಕ ಮುಚ್ಚಿದೆ. ಶ್ರೀಪತಿ ಸರ್ ಅದನ್ನು ಓದಿ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಅವರೂ ತಟ್ಟೆಗೆ ಕೈ ಹಾಕಿದರು.

ಆ ಸಂಕ್ರಾಂತಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮೇಲೆ ತಪ್ಪು ಹೊರಿಸಲು ನೋಡಿದೆ. "ನಿಮ್ ಮಾತ್ ನಂಬಿ ನಾನು ಆಫೀಸ್ನಾಗೆ ನಗೆಪಾಟ್ಲಾದೆ ಚಿಕ್ಕಪ್ಪ. ಸಮುದ್ರದಾಗೆ ಕೆಳಗೇ ಬೆಚ್ಚಗೈತೆ."

ಅವರು ಎಲೆಗೆ ಸುಣ್ಣ ಹಚ್ಚುತ್ತಾ ತಲೆ ಎತ್ತಲಿಲ್ಲ. "ನಾನ್ ಕೆರೆ ವಿಷ್ಯ ಹೇಳ್ದೆ ಕಣೇ. ಸಮುದ್ರನ ನಾನ್ ಯಾವತ್ ನೋಡಿದ್ದೆ? ನೀನ್ ಕೇಳಿದ್ರೆ ಗೊತ್ತಿಲ್ಲ ಅಂತಿದ್ದೆ." ಇಷ್ಟು ಸರಿಯಾದ ಉತ್ತರ ನಾನು ಯಾವ ಸಮ್ಮೇಳನದಲ್ಲೂ ಕೇಳಿಲ್ಲ.

ವರ್ಷಗಳು ಹೋದವು. ಶ್ರೀಪತಿ ಸರ್ ನಿವೃತ್ತರಾದರು, ಆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಹೋದರು. ಕೆಲಸದ ವಿಧಾನ ಬದಲಾಯಿತು. ನಾನು ಸೇರಿದಾಗ ನಕ್ಷೆಗೆ ಬಣ್ಣದ ಪೆನ್ಸಿಲಿನಲ್ಲಿ ಬಣ್ಣ ತುಂಬುತ್ತಿದ್ದೆವು, ಕೆಂಪು ಪೆನ್ಸಿಲಿಗಾಗಿ ಜಗಳವಾಡುತ್ತಿದ್ದೆವು. ಆಮೇಲೆ ಸಮೀಕರಣಗಳು ಬಂದವು. ಕೊನೆಯ ವರ್ಷಗಳಲ್ಲಿ ನವೀನ ಬಂದ, ಚಿತ್ರದುರ್ಗದ ಹುಡುಗ, ನಗುಮುಖದವನು, ಮಾತು ಕಡಿಮೆ. ತಾನೇ ಕಲಿಯುವ ಕಂಪ್ಯೂಟರ್ ವಿಧಾನವನ್ನು ನಮ್ಮಲ್ಲಿಗೆ ತಂದವನು ಅವನು.

"ಮೇಡಂ, ಇದಕ್ಕೆ ನಾವು ನಿಯಮ ಹೇಳಿಕೊಡಲ್ಲ," ಎಂದು ವಿವರಿಸಿದ. "ನಮ್ಮ ಹಳೇ ಅಳತೆ ಎಲ್ಲಾ ಓದಿಸ್ತೀವಿ. ಮೇಲೆ ಉಪಗ್ರಹಕ್ಕೆ ಹೀಗೆ ಕಂಡಾಗ ಕೆಳಗೆ ಬುರುಡೆ ಏನು ಹೇಳಿತ್ತು ಅಂತ ನೋಡಿ ನೋಡಿ ಅದೇ ಕಲಿಯುತ್ತೆ. ಆಮೇಲೆ ಬುರುಡೆ ಇಲ್ಲದ ಕಡೆನೂ ಕೆಳಗೆ ಏನಿದೆ ಅಂತ ಹೇಳುತ್ತೆ."

ನನಗೆ ಮೊದಲು ಅನುಮಾನ, ಆಮೇಲೆ ಅಸೂಯೆ, ಕೊನೆಗೆ ಹೆಮ್ಮೆ. ನಾವು ನಾಲ್ಕು ಜನ ಒಂದು ದಿನ ಕೂತು ಮಾಡುತ್ತಿದ್ದ ನಕ್ಷೆಯನ್ನು ಅದು ನಾನು ಚಪ್ಪಲಿ ಬಿಟ್ಟು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಮಾಡಿ ಇಡುತ್ತಿತ್ತು. ಬೇಸಿಗೆ, ಮಳೆಗಾಲ ಎರಡರಲ್ಲೂ ಪರೀಕ್ಷೆ ಮಾಡಿದೆವು. ಚೆನ್ನಾಗಿ ಪಾಸಾಯಿತು. ದೀಪಾವಳಿಯ ಹೊತ್ತಿಗೆ ದಿನದ ನಕ್ಷೆಯನ್ನು ಅದಕ್ಕೇ ಬಿಟ್ಟುಕೊಟ್ಟೆವು.

ನನ್ನ ಕೊನೆಯ ಚಳಿಗಾಲ ಅದು, ನಿವೃತ್ತಿಗೆ ಇಪ್ಪತ್ತು ದಿನ ಬಾಕಿ. ಕಡಲಿನಲ್ಲಿ ದಕ್ಷಿಣಕ್ಕೆ ಒಂದು ವಾಯುಭಾರ ಕುಸಿತ ಎದ್ದಿತ್ತು. ಬೋಟುಗಳಿಗೆ ಮೂರು ದಿನದಿಂದ ಇಳಿಯಬೇಡಿ ಎಂಬ ಎಚ್ಚರಿಕೆ ಇತ್ತು. ಅದನ್ನು ಮುಂದುವರಿಸಬೇಕೋ ಬಿಡಬೇಕೋ ಎಂದು ನಿರ್ಧರಿಸಲು ಬೆಳಿಗ್ಗೆ ಹತ್ತು ಗಂಟೆಗೆ ಹವಾಮಾನದವರ ಜೊತೆ ಸಭೆ. ಎಂಟೂವರೆಗೆ ನವೀನನ ನಕ್ಷೆ ಹೊರಗೆ ಹೋಯಿತು. ಬಿರುಗಾಳಿ ಬರುವ ದಾರಿಯಲ್ಲಿ ಮೇಲೂ ತಂಪು, ಕೆಳಗೆ ಇನ್ನೂ ತಂಪು. ಬಿರುಗಾಳಿ ಅಲ್ಲೇ ಸೊರಗುತ್ತದೆ. ಇನ್ನೇನು ಹತ್ತಕ್ಕೆ ಎಚ್ಚರಿಕೆ ತೆಗೆಯುತ್ತಾರಂತೆ ಎಂಬ ಸುದ್ದಿ ಆಗಲೇ ಬಂದರಿಗೂ ಹೋಗಿತ್ತು.

ನಾನು ಒಂಬತ್ತಕ್ಕೆ ಬಂದು ನಕ್ಷೆ ನೋಡಿದೆ. ಚೆಂದದ ನಕ್ಷೆ. ಎಲ್ಲಿ ನೋಡಿದರೂ ಮೇಲಿಗಿಂತ ಕೆಳಗೆ ತಣ್ಣಗೆ, ಒಂದು ಕಡೆಯೂ ಅಪವಾದವಿಲ್ಲ. ಡಿಸೆಂಬರಿನಲ್ಲಿ ಆ ಕಡಲು ಅಷ್ಟೊಂದು ವಿಧೇಯವಾಗಿರುವುದಿಲ್ಲ. ಲಕ್ಷದ್ವೀಪದ ಬುರುಡೆ ಆ ಬೆಳಿಗ್ಗೆ ಕಳಿಸಿದ್ದ ಮೂಲ ಸಂದೇಶವನ್ನು ತೆರೆದೆ. ಮೇಲೆ ಇಪ್ಪತ್ತೇಳೂವರೆ, ನಲವತ್ತು ಮೀಟರಿನಲ್ಲಿ ಇಪ್ಪತ್ತೊಂಬತ್ತು. ನವೀನನ ಯಂತ್ರ ಓದುವ ದಾಖಲೆ ಕಣಜದಲ್ಲಿ ಅದೇ ಬುರುಡೆಯ ಮುಂದೆ ಒಂದೇ ಪದ: ತಿರಸ್ಕೃತ. ಏಕೆ ತಿರಸ್ಕೃತ ಎಂದು ಒಳಗೆ ಹೋಗಿ ನೋಡಿದರೆ, ಹಳೆಯ ಒಂದು ಸಾಲು, ಕೊನೆಯಲ್ಲಿ ನನ್ನ ಹೆಸರಿನ ಮೊದಲಕ್ಷರ.

ದಿನದ ನಕ್ಷೆಯ ಜರಡಿಯನ್ನು ಮಾತ್ರ ನಾನು ಸರಿ ಮಾಡಿದ್ದೆ. ಅದರ ಇನ್ನೊಂದು ಪ್ರತಿ, ಅಳತೆಗಳನ್ನು ಕೂಡಿಡುವ ಕಣಜದ ಬಾಯಲ್ಲಿತ್ತು. ಕಂಪ್ಯೂಟರುಗಳು ಬದಲಾದಾಗಲೆಲ್ಲ ಅದನ್ನು ಯಾರೂ ತೆರೆದು ನೋಡದೆ ಹೊಸದಕ್ಕೆ ಎತ್ತಿ ಹಾಕಿದ್ದರು. ಇಷ್ಟು ವರ್ಷವೂ ಪ್ರತಿ ಚಳಿಗಾಲ ಅದು ಒಳ್ಳೆಯ ಅಳತೆಗಳನ್ನು ಹೊರಗೆ ಎಸೆಯುತ್ತಲೇ ಇತ್ತು. ಉಳಿದದ್ದನ್ನು ಓದಿ ನವೀನನ ಯಂತ್ರ ಬುದ್ಧಿವಂತವಾಗಿತ್ತು. ಅದೂ ನನ್ನ ಹಾಗೇ ದೇವನೂರು ಕೆರೆಯಲ್ಲಿ ಈಜು ಕಲಿತಿತ್ತು. "ಇನ್ನೆಲ್ಲೂ ಇಲ್ಲ" ಎಂದು ಬರೆದ ಕೈ ಇದೇ ಎಂದು ನನ್ನ ಕೈಯನ್ನು ನೋಡಿಕೊಂಡೆ.

ಸಹನಾ, ಇಲ್ಲಿಂದ ಮುಂದಿನದನ್ನು ನಾನು ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ತಪ್ಪಿನ ಪುಸ್ತಕದಲ್ಲೂ ಬರೆದಿಲ್ಲ. ಎದ್ದು ಓಡಬೇಕಿತ್ತು. ಓಡಲಿಲ್ಲ. ಒಂದು ಲೋಟ ಕಾಫಿ ತರಿಸಿ ಕುಡಿದೆ. ಇಪ್ಪತ್ತು ದಿನದಲ್ಲಿ ಶಾಲು ಹೊದಿಸಿ ಕಳಿಸುತ್ತಾರೆ, ಈಗ ಇದನ್ನು ಕೆದಕಬೇಕೇ ಎಂದು ಯೋಚಿಸಿದೆ. ಈ ಬುರುಡೆ ನಿಜವಾಗಿಯೂ ಕೆಟ್ಟಿರಬಹುದಲ್ಲ ಎಂದುಕೊಂಡೆ. ಹವಾಮಾನದವರು ಬೇರೆ ಹತ್ತು ವಿಷಯ ನೋಡುತ್ತಾರೆ, ನಮ್ಮ ನಕ್ಷೆಯೊಂದನ್ನೇ ನಂಬುತ್ತಾರೆಯೇ ಎಂದುಕೊಂಡೆ. ನವೀನನ ಯಂತ್ರದ ಮೊದಲ ಚಳಿಗಾಲ ಹಾಳಾಗುತ್ತದಲ್ಲ ಎಂದು ಅವನ ಹೆಸರಿನಲ್ಲೂ ಒಂದು ನೆಪ ಮಾಡಿಕೊಂಡೆ. ಕಾಫಿ ಮುಗಿಯಿತು. ಗಡಿಯಾರ ನೋಡಿದೆ, ಒಂಬತ್ತೂವರೆ. ನನ್ನ ಬಗ್ಗೆ ನನಗೇ ಅಸಹ್ಯವಾಗಿ ಎದ್ದೆ.

ಪರದೆಯಲ್ಲಿ ಆ ಸಾಲನ್ನು ತೋರಿಸಿದಾಗ ನವೀನ ಅದರ ಕೊನೆಯ ಅಕ್ಷರದ ಮೇಲೆ ಬೆರಳಿಟ್ಟ. "ಮೇಡಂ, ಇದು ನಿಮ್ಮ ಇನಿಶಿಯಲ್ಲು."

"ಹೌದು. ತಪ್ಪು ನಿಂದಲ್ಲ, ನಂದು. ಆದ್ರೆ ಇವತ್ತು ನಿನ್ನ ನಕ್ಷೇನ ವಾಪಸ್ ತಗೋಬೇಕು."

ಅವನು ಬೇಜಾರು ಮಾಡಿಕೊಳ್ಳಲು ಒಂದು ನಿಮಿಷವನ್ನೂ ಖರ್ಚು ಮಾಡಲಿಲ್ಲ. ಉಪಗ್ರಹ ಅಳೆದ ಕಡಲಿನ ಮಟ್ಟವನ್ನು ತೆಗೆದ. ಬಿರುಗಾಳಿಯ ದಾರಿಯಲ್ಲಿ ಕಡಲು ಉಬ್ಬಿಯೇ ಇತ್ತು. ಮೇಲಿನಿಂದ ಉಪಗ್ರಹವೂ ಕೆಳಗಿನಿಂದ ಬುರುಡೆಯೂ ಒಂದೇ ಮಾತು ಹೇಳುತ್ತಿದ್ದವು, ನಡುವೆ ನನ್ನ ಜರಡಿ ಕೂತಿತ್ತು.

ಸಭೆಯಲ್ಲಿ ಹವಾಮಾನದ ಹಿರಿಯರೊಬ್ಬರು ಕೇಳಿದರು. "ಒಂದು ಬುರುಡೆಯ ಮಾತು ಕೇಳಿ ಸಾವಿರಾರು ಜನರನ್ನು ದಡದಲ್ಲಿ ಕೂರಿಸಿ ಅಂತೀರಾ ಮೇಡಂ?"

"ಒಂದು ಬುರುಡೆ ಅಲ್ಲ ಸರ್," ಎಂದೆ. "ಪ್ರತಿ ಚಳಿಗಾಲ ಅಲ್ಲಿನ ಎಲ್ಲಾ ಬುರುಡೆನೂ ಇದನ್ನೇ ಹೇಳಿವೆ. ಆ ಅಳತೆಗಳನ್ನ ಬಿಸಾಕಿದ್ದು ನಾನು. ಆ ಆಳದ ನೀರಲ್ಲಿ ನಾನೇ ಕೈಯ್ಯಿಟ್ಟು ನೋಡಿದೀನಿ, ಬೆಚ್ಚಗಿರುತ್ತೆ."

ಸಭೆಗಳಲ್ಲಿ ಯಾರೂ ಹೀಗೆ ಹೇಳುವುದಿಲ್ಲ. ಆ ಹಿರಿಯರು ಉಪಗ್ರಹದ ಅಳತೆಯನ್ನು ಇನ್ನೊಮ್ಮೆ ತೆಗೆದು ನೋಡಿದರು. ಎಚ್ಚರಿಕೆಯನ್ನು ಮುಂದುವರಿಸಿದರು. ಮೂರನೆಯ ದಿನ ಆ ಕುಸಿತ ಬಿಸಿನೀರಿನ ಮೇಲೆ ಬಂದು, ಸೊರಗುವುದಿರಲಿ, ಚಂಡಮಾರುತವಾಗಿ ಎದ್ದಿತು. ದಡದ ರಸ್ತೆ ಒಂದಿಷ್ಟು ಕೊಚ್ಚಿಹೋಯಿತು, ತೆಂಗಿನಮರಗಳು ಬಿದ್ದವು. ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿದಲ್ಲೇ ಇದ್ದವು.

ಉಳಿದ ದಿನಗಳನ್ನು ನಾನೂ ನವೀನನೂ ಬಿಸಾಡಿದ್ದ ಅಳತೆಗಳನ್ನು ಮೂಲ ಸಂದೇಶಗಳಿಂದ ಹುಡುಕಿ ಒಂದೊಂದಾಗಿ ಕಣಜಕ್ಕೆ ಮರಳಿ ಸೇರಿಸುತ್ತಾ ಕಳೆದೆವು. ನನ್ನ ವೃತ್ತಿಯಲ್ಲಿ ಅಷ್ಟು ಖುಷಿಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ. ಯಂತ್ರ ಮತ್ತೆ ಮೊದಲಿನಿಂದ ಕಲಿಯಿತು. ದೇವನೂರಿನ ಕತೆ ಕೇಳಿದ್ದ ನವೀನ, ಈ ಸಲ ಅದಕ್ಕೆ ಕಡಲಿನಲ್ಲೇ ಈಜು ಕಲಿಸಿದ್ದೇನೆ ಎಂದು ನನ್ನನ್ನು ರೇಗಿಸಿದ. ನಾನು ತಪ್ಪಿನ ಪುಸ್ತಕದ ಹಳೆಯ ಪುಟ ತೆರೆದು ನಾಲ್ಕನೆಯ ಕಲಂ ಹೊಡೆದುಹಾಕಿ ಹೊಸದಾಗಿ ಬರೆದೆ. ಗೋಳಿಬಜೆ ಎರಡು ಸುತ್ತು ಬಂತು.

ಚಂಡಮಾರುತ ಹೋಗಿ ಒಂದು ವಾರದ ಮೇಲೆ ವಾಸು ತಾಂಡೇಲರ ಫೋನು ಬಂತು.

"ಅಮ್ಮಾ, ಗಟ್ಟಿ ನಿಂತ್ರಂತೆ ಸಭೆಯಲ್ಲಿ. ಇಲ್ಲಿ ಎಲ್ಲರೂ ಹೇಳ್ತಿದ್ದಾರೆ. ನನಗೆ ಆ ದಿನ ಆದ ಫಜೀತಿ ಹೇಳ್ತೇನೆ ಕೇಳಿ. ಹತ್ತಕ್ಕೆ ಬಿಡ್ತಾರಂತೆ ಅಂತ ಸುದ್ದಿ ಬಂತಲ್ಲ, ಎರಡು ಬೋಟಿನವರು ಹತ್ತರವರೆಗೆ ತಡೀಲೇ ಇಲ್ಲ ಮಾರಾಯ್ರೇ. ಹಗ್ಗ ಬಿಚ್ಚಿ ಅಳಿವೆ ಬಾಯಿ ದಾಟಿ ಕಡಲಿಗೆ ಹೋಗಿಯೇ ಬಿಟ್ಟರು. ಒಂದು ಬೋಟು ವೈರ್‌ಲೆಸ್ಸಲ್ಲಿ ಕೂಗಿದ್ದಕ್ಕೆ ತಿರುಗಿತು. ಇನ್ನೊಂದರ ವೈರ್‌ಲೆಸ್ ಹಾಳು. ನಾನೇ ಬೋಟು ತೆಗೆದು ಹಿಂದೆ ಹೋದೆ. ಸಂಜೆ ಆಯ್ತು ಸಿಗುವಾಗ. ಅದರಲ್ಲಿ ನನ್ನ ಅಳಿಯ ಇದ್ದ." ಅವರು ನಗುತ್ತಿದ್ದರು, ಎಲ್ಲರೂ ದಡಕ್ಕೆ ಬಂದ ಮೇಲೆ ನಗುವ ನಗು.

"ಎಷ್ಟು ಗಂಟೆಗೆ ಹೊರಟಿದ್ದರು ವಾಸಣ್ಣ?"

"ಒಂಬತ್ತೂ ಕಾಲಿಗೆ."

ಆ ಹೊತ್ತಿಗೆ ನಾನು ಕಾಫಿ ಕುಡಿಯುತ್ತಿದ್ದೆ. ನನಗೆ ವಿಷಯ ಗೊತ್ತಿತ್ತು, ಅವರ ನಂಬರ್ ಗೊತ್ತಿತ್ತು, ಫೋನು ಮೇಜಿನ ಮೇಲೇ ಇತ್ತು. ಅವರಿಗೆ ಹೇಳಿಬಿಟ್ಟೆ. ಶಾಲಿನ ಯೋಚನೆಯನ್ನೂ ಬಿಡದೆ ಎಲ್ಲವನ್ನೂ ಹೇಳಿದೆ.

ಆ ಕಡೆ ಬಂದರಿನ ಸದ್ದು ಕೇಳುತ್ತಿತ್ತು, ಯಾರೋ ಮಂಜುಗಡ್ಡೆ ಒಡೆಯುತ್ತಿದ್ದರು. ವಾಸು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ಇನ್ನೊಂದು ಸಲ ಮೊದಲು ನನಗೆ ಫೋನ್ ಮಾಡಿ ಅಮ್ಮಾ," ಎಂದರು. "ಕಾಫಿ ಆಮೇಲೆ ಕುಡೀರಿ."

ಆಗಲಿ ವಾಸಣ್ಣ ಎಂದೆ. ಫೋನು ಇಟ್ಟ ಮೇಲೆ ಹೊಳೆಯಿತು, ನನಗೆ ಇನ್ನೊಂದು ಸಲ ಇರಲಿಲ್ಲ. ಕೆಲಸದಲ್ಲಿ ಉಳಿದದ್ದು ಹತ್ತು ದಿನ. ಇನ್ನೊಂದು ಸಲ ಇರುವುದು ನಿನಗೆ, ಸಹನಾ. ಕೆಲಸಕ್ಕೆ ಹೊರಡುವ ಮೊದಲು ಒಂದು ಸಲ ಬಂದು ಅವರ ನಂಬರ್ ಬರೆದುಕೊಂಡು ಹೋಗು.